ವೃತ್ತವೆಂಬ ಒಂದು ಮಾತು

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, ಒಂದು ದಿನ ಬೆಳಗಿನ ಮೊದಲನೆಯ ಗಂಟೆಯಲ್ಲಿ ರೇಖಾಗಣಿತದ ಉಪಾಧ್ಯಾಯರು ಕರಿಹಲಗೆಯ ಮೇಲೆ ದೊಡ್ಡ ಮರದ ಕೈವಾರವನ್ನೂರಿ, ಸೀಮೆಸುಣ್ಣದಿಂದ ಒಂದು ವೃತ್ತವನ್ನೆಳೆದು, ಅದರ ಕೇಂದ್ರ ತ್ರಿಜ್ಯ ವ್ಯಾಸ ಪರಿಧಿಗಳನ್ನು ಹೆಸರಿಸಿ ಹೊರಟುಹೋದರು. ಎರಡನೆಯ ಗಂಟೆಗೆ ಬಂದ ಕನ್ನಡ ಪಂಡಿತರು ಆ ಚಿತ್ರವನ್ನು ಅಳಿಸದೆ, ಅದರ ಮಗ್ಗುಲಲ್ಲಿಯೇ ಗುರುಲಘುಗಳ ಗುರುತುಗಳನ್ನು ಉದ್ದಕ್ಕೆ ಹಾಕಿ, ಇದು ಉತ್ಪಲಮಾಲಾವೃತ್ತ ಎಂದರು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಮೇಷ್ಟ್ರೇ, ಇದು ಎಲ್ಲಿ ಗುಂಡಗಿದೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಪಂಡಿತರು ಸಿಟ್ಟಾಗಲಿಲ್ಲ, "ಅದು ಬೇರೆ ವೃತ್ತ, ಇದು ಬೇರೆ ವೃತ್ತ, ಕೂತುಕೋಪ್ಪ" ಎಂದು ಹೇಳಿ ಪಾಠವನ್ನು ಮುಂದುವರಿಸಿದರು.

ಪಂಡಿತರು ಹೇಳಿದುದನ್ನೇ ನಿಘಂಟುಗಳೂ ಹೇಳುತ್ತವೆ. ವೃತ್ತ ಎಂಬ ಶಬ್ದದ ಮುಂದೆ ಒಂದು, ಎರಡು, ಮೂರು ಎಂದು ಅಂಕಿಗಳನ್ನಿಟ್ಟು, ದುಂಡಗಿನ ಆಕೃತಿ, ನಡೆದ ಸಂಗತಿ, ನಡತೆ, ಅಕ್ಷರಗಣದ ಪದ್ಯ ಎಂದು ಅರ್ಥಗಳನ್ನು ಸಾಲಾಗಿ ಕೊಟ್ಟುಬಿಡುವ ಕೋಶಕಾರನ ಕ್ರಮದಲ್ಲಿ, ಆ ಅರ್ಥಗಳು ಒಂದೇ ವಠಾರದಲ್ಲಿದ್ದೂ ಪರಸ್ಪರ ಪರಿಚಯವಿಲ್ಲದ ಸಂಸಾರಗಳ ಹಾಗೆ ಕಾಣುತ್ತವೆ. ಕೋಶಕ್ಕೆ ಇಷ್ಟು ಸಾಕು. ಹುಡುಕಿದ ಅರ್ಥ ಸಿಕ್ಕರೆ ಅದರ ಕೆಲಸ ಮುಗಿಯಿತು. ಆದರೆ ಭಾಷೆಯನ್ನು ಪ್ರೀತಿಸುವವನಿಗೆ ಅಷ್ಟು ಸಾಲದು. ಆ ಹುಡುಗನ ಪ್ರಶ್ನೆ ನಗುವಂಥದ್ದಲ್ಲವೆಂದೂ, ಈ ನಾಲ್ಕು ಅರ್ಥಗಳು ನಾಲ್ಕು ಮಾತುಗಳಲ್ಲ, ಒಂದೇ ಮಾತಿನ ನಡಗೆಯಲ್ಲಿ ಬಿದ್ದ ನಾಲ್ಕು ಹೆಜ್ಜೆಗಳೆಂದೂ, ಇವುಗಳಲ್ಲಿ ದುಂಡುತನವೇ ಮೂಲವೆಂದು ನಾವು ಭಾವಿಸಿರುವುದು ತಪ್ಪೆಂದೂ ತೋರಿಸಬೇಕೆಂಬುದು ಈ ಬರಹದ ಉದ್ದೇಶ.

ವೃತ್ತವು ಸಂಸ್ಕೃತದ ವೃತ್ ಎಂಬ ಧಾತುವಿಗೆ ಕ್ತ ಪ್ರತ್ಯಯ ಸೇರಿ ಆದ ರೂಪ. ಆ ಧಾತುವಿಗೆ ಇರುವುದು, ನಡೆಯುವುದು, ತಿರುಗುವುದು ಎಂಬ ಅರ್ಥಗಳಿವೆ. ಪ್ರತ್ಯಯವು ಆ ಕ್ರಿಯೆ ಮುಗಿದಿದೆಯೆಂದು ಸೂಚಿಸುತ್ತದೆ. ಆದುದರಿಂದ ವೃತ್ತವೆಂದರೆ ಮೊದಲ ಅರ್ಥದಲ್ಲಿ ತಿರುಗಿದುದು, ನಡೆದುದು, ಆದುದು. ಅದು ಆಕೃತಿಯ ಹೆಸರಾಗುವ ಮೊದಲು ಚಲನೆಯ ಹೆಸರು. ಇದನ್ನು ನನಗೆ ವ್ಯಾಕರಣಕ್ಕಿಂತ ಮೊದಲೇ ತಿಳಿಸಿಕೊಟ್ಟವನು ಬಾವಿ ತೋಡುವ ಒಬ್ಬ ಮೇಸ್ತ್ರಿ. ನಮ್ಮ ಹಿತ್ತಲಿನಲ್ಲಿ ಬಾವಿ ತೆಗೆಸಲು ನಿಶ್ಚಯವಾದಾಗ, ಅವನು ನೆಲವನ್ನು ಗುಡಿಸಿ, ನಡುವೆ ಒಂದು ಗೂಟ ಹೊಡೆದು, ಅದಕ್ಕೆ ಹುರಿಯ ಕುಣಿಕೆಯನ್ನು ಸಡಿಲವಾಗಿ ಹಾಕಿ, ಇನ್ನೊಂದು ಕೊನೆಗೆ ಹಾರೆಯನ್ನು ಕಟ್ಟಿ, ಹುರಿ ಎಲ್ಲಿಯೂ ಸಡಿಲವಾಗದಂತೆ ಬೆನ್ನು ಬಾಗಿಸಿ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ನಡೆದ. ಹಾರೆಯ ಮೊನೆ ಮಣ್ಣನ್ನು ಗೀರುತ್ತಿದ್ದಿತು. ಅರ್ಧ ಸುತ್ತು ಮುಗಿಯುವ ತನಕ ಅಲ್ಲಿ ಕಂಡುದು ಒಂದು ಬಾಗಿದ ಗೀರು ಮಾತ್ರ. ಕಡೆಗೆ ಅವನ ಹಿಮ್ಮಡಿ ತಾನು ಮೊದಲು ಊರಿದ ಗುರುತಿನ ಮೇಲೆ ಬಂದು ನಿಂತಾಗ ಅವನು ಹಾರೆಯನ್ನೆತ್ತಿ, "ಸುತ್ತು ಕೂಡ್ತು, ಇನ್ನು ಅಗೀಬಹುದು" ಎಂದ. ಆಗ ವೃತ್ತವಿತ್ತು, ಅದಕ್ಕೆ ಒಂದು ಹೆಜ್ಜೆ ಹಿಂದೆ ಇರಲಿಲ್ಲ. ಹೊರಟಲ್ಲಿಗೆ ಬಂದು ಸೇರಿದ ನಡಗೆಯೇ ವೃತ್ತವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಶಾಸ್ತ್ರವೂ ನನಗೆ ಹೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅದನ್ನು ಬದಿಗೊತ್ತಿ ಮುಂದೆ ಹೋಗುವುದು ನ್ಯಾಯವಲ್ಲ. ಧಾತುವಿನಲ್ಲಿದ್ದ ಅರ್ಥವೆಲ್ಲ ಶಬ್ದದಲ್ಲಿ ಉಳಿದಿರಬೇಕೆಂಬ ನಿಯಮವಿಲ್ಲ. ರೂಢಿಯು ವ್ಯುತ್ಪತ್ತಿಗಿಂತ ಬಲವುಳ್ಳದ್ದೆಂದು ನಮ್ಮ ಶಾಸ್ತ್ರಕಾರರೇ ಒಪ್ಪಿದ್ದಾರೆ. ಕುಶಲನೆಂದರೆ ದರ್ಭೆಯನ್ನು ಕೊಯ್ದು ತರುವವನೆಂದು ಬಿಡಿಸಿ ಹೇಳಬಹುದಾದರೂ, ಕುಶಲ ಕೆಲಸಗಾರನ ಕೈಯಲ್ಲಿ ಇಂದು ಯಾರೂ ದರ್ಭೆಯನ್ನು ಹುಡುಕುವುದಿಲ್ಲ. ಹಾಗಿದ್ದಮೇಲೆ ವೃತ್ತದಲ್ಲಿ ಮಾತ್ರ ಹಳೆಯ ಚಲನೆಯನ್ನು ಏಕೆ ಹುಡುಕಬೇಕು? ಇದಕ್ಕೆ ನನ್ನ ಸಮಾಧಾನವಿದು: ಕುಶಲ ಶಬ್ದಕ್ಕೆ ದರ್ಭೆಯನ್ನು ನೆನಪಿಸುವ ಬಂಧುಗಳು ಬಳಕೆಯಲ್ಲಿ ಉಳಿದಿಲ್ಲ, ವೃತ್ತದ ಬಂಧುವರ್ಗವಾದರೋ ನಮ್ಮ ಸುತ್ತಲೂ ಇದೆ, ದಿನ ಬೆಳಗಾದರೆ ಬಾಯಿಗೆ ಬರುತ್ತದೆ. ವರ್ತನೆ, ವರ್ತಮಾನ, ವರ್ತಕ, ವೃತ್ತಿ, ಪ್ರವೃತ್ತಿ, ನಿವೃತ್ತಿ, ಆವೃತ್ತಿ, ಪರಿವರ್ತನೆ, ವಾರ್ತೆ, ಚಕ್ರವರ್ತಿ, ಮಧ್ಯವರ್ತಿ: ಇಷ್ಟು ಮಂದಿ ಬಂಧುಗಳು ಜೀವಂತವಾಗಿ ಓಡಾಡಿಕೊಂಡಿರುವಾಗ ಮನೆಯ ಹಿರಿಯ ಸತ್ತನೆಂದು ಹೇಳುವುದು ಹೇಗೆ?

ಸಂಸ್ಕೃತದ ವೇಷದಲ್ಲಿಯೇ ಈ ಕುಲ ನಮ್ಮಲ್ಲಿಗೆ ಬಂದಿತೆಂದೂ ತಿಳಿಯಬಾರದು. ಪ್ರಾಕೃತದ ದಾರಿಯಲ್ಲಿ ಸವೆದು ಬಂದ ಇದರ ರೂಪಗಳು ಕನ್ನಡದ ಮಣ್ಣಿನಲ್ಲಿ ಎಷ್ಟು ಕಾಲದಿಂದ ಬೇರೂರಿವೆಯೆಂದರೆ, ಅವನ್ನು ನಾವು ಅಚ್ಚಕನ್ನಡವೆಂದೇ ನಂಬಿದ್ದೇವೆ. ವೃತ್ತದ ತದ್ಭವ ಬಟ್ಟ. ಹಳಗನ್ನಡದಲ್ಲಿ ದುಂಡಗಿರುವುದಕ್ಕೆ ಆ ಹೆಸರು. ಅಡುಗೆಮನೆಯ ಬಟ್ಟಲನ್ನೂ ಇದೇ ಮನೆತನಕ್ಕೆ ಸೇರಿಸುತ್ತಾರೆ. ದೇವರ ಮನೆಯ ಬತ್ತಿ ವರ್ತಿಯಿಂದ ಬಂದುದು. ಹತ್ತಿಯನ್ನು ಅಂಗೈಗಳ ನಡುವೆ ಉರುಳಿಸಿ, ಹೊಸೆದು ಮಾಡಿದ ವಸ್ತುವಿಗೆ ಉರುಳುವ ಧಾತುವಿನಿಂದಲೇ ಹೆಸರು ಬಂದಿದೆ. ದಾರಿಯೆಂಬ ಅರ್ಥದಲ್ಲಿ ನಮ್ಮ ಹಳೆಯ ಕವಿಗಳೂ ವಚನಕಾರರೂ ಬಳಸಿದ ಬಟ್ಟೆಯನ್ನು ಸಂಸ್ಕೃತದ ವರ್ತ್ಮಕ್ಕೆ, ಎಂದರೆ ಬಂಡಿಯ ಗಾಲಿ ಉರುಳಿ ಉರುಳಿ ಆದ ಜಾಡಿಗೆ, ಜೋಡಿಸುತ್ತಾರೆ. ಆದರೆ ಇಂಥ ಶೋಧನೆಯಲ್ಲಿ ಉತ್ಸಾಹಕ್ಕೆ ಲಗಾಮು ಬೇಕು. ಆವೃತ ಎಂಬುದು ಈ ಕುಲದ್ದಲ್ಲ. ಅದು ಮುಚ್ಚು ಎಂಬರ್ಥದ ವೃ ಧಾತುವಿನದು, ಒಂದು ತಕಾರದ ಅಂತರದಲ್ಲಿ ಕುಲವೇ ಬೇರೆಯಾಗಿದೆ. ಸಾಲಗಾರನ ಬಡ್ಡಿಯೂ ಮತ್ತೆ ಮತ್ತೆ ತಿರುಗಿ ಬರುವುದಾದರೂ ಅದು ವೃತ್ತಿಯಿಂದ ಆದುದಲ್ಲ, ವೃದ್ಧಿಯಿಂದ ಆದುದು.

ಈಗ ನಡತೆಯ ಮಾತಿಗೆ ಬರೋಣ. ಸಂಸ್ಕೃತದಲ್ಲಿ ವೃತ್ತವೆಂದರೆ ಚಾರಿತ್ರ್ಯ. ಸದ್ವೃತ್ತ, ದುರ್ವೃತ್ತ ಎಂಬ ಮಾತುಗಳು ಕನ್ನಡಕ್ಕೂ ಹೊಸವಲ್ಲ. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ, ಬ್ರಾಹ್ಮಣ್ಯಕ್ಕೆ ಕಾರಣ ಕುಲವೋ ಅಧ್ಯಯನವೋ ವೃತ್ತವೋ ಎಂಬ ಪ್ರಶ್ನೆ ಬರುತ್ತದೆ. ಕುಲವೂ ಅಲ್ಲ, ಓದೂ ಅಲ್ಲ, ವೃತ್ತವೇ ಎಂದು ಧರ್ಮರಾಯನ ಉತ್ತರ. ವಿತ್ತ ಕಳೆದವನು ಏನನ್ನೂ ಕಳೆದುಕೊಂಡವನಲ್ಲ, ವೃತ್ತ ಕಳೆದವನು ಸತ್ತಂತೆಯೇ ಎಂದು ಅದೇ ಮಹಾಭಾರತದಲ್ಲಿ ಎರಡು ಶಬ್ದಗಳನ್ನು ಎದುರುಬದುರು ನಿಲ್ಲಿಸಲಾಗಿದೆ. ನಡತೆಗೆ ವೃತ್ತವೆಂಬ ಹೆಸರು ಏಕೆ ಬಂದಿತು? ಒಬ್ಬನು ಒಂದು ದಿನ ಮಾಡಿದ ಒಳ್ಳೆಯ ಕೆಲಸವನ್ನು ನಾವು ನಡತೆಯೆನ್ನುವುದಿಲ್ಲ. ನಿನ್ನೆ ನಡೆದಂತೆ ಇಂದೂ, ಇಂದು ನಡೆದಂತೆ ನಾಳೆಯೂ, ನೋಡುವವರಿರಲಿ ಇಲ್ಲದಿರಲಿ ಅದೇ ಜಾಡಿಗೆ ತಿರುಗಿ ಬರುವವನನ್ನು ಕುರಿತು ಮಾತ್ರ, ಇವನ ನಡತೆ ಇಂಥದು ಎಂದು ಹೇಳುತ್ತೇವೆ. ಗೂಟಕ್ಕೆ ಕಟ್ಟಿದ ಹುರಿ ಸಡಿಲವಾಗದಿದ್ದರೆ ಮಾತ್ರ ಬಾವಿಯ ಸುತ್ತು ಕೂಡುವಂತೆ, ಒಂದು ನೆಲೆಗೆ ಮನಸ್ಸನ್ನು ಕಟ್ಟಿಕೊಂಡವನ ಬಾಳು ಮಾತ್ರ ವೃತ್ತವಾಗುತ್ತದೆ. ಕನ್ನಡದ ನಡತೆ ನಡೆಯಿಂದ ಹುಟ್ಟಿತು. ಅದು ಹೆಜ್ಜೆಯನ್ನು ಹೇಳುತ್ತದೆ. ವೃತ್ತವು ಹೆಜ್ಜೆ ಮರಳಿ ಬರುವುದನ್ನೂ ಹೇಳುತ್ತದೆ.

ಇದೇ ಧಾತುವಿನಿಂದಾದ ವೃತ್ತಿಯು ಬದುಕಿನ ಇನ್ನೊಂದು ಮಗ್ಗುಲಿಗೆ ಹೊರಳಿತು. ದಿನದಿನವೂ ಮಾಡಿ ಹೊಟ್ಟೆ ಹೊರೆಯುವ ಕೆಲಸ ವೃತ್ತಿ; ಆ ಹೊಟ್ಟೆಪಾಡಿಗೆ ಆಧಾರವಾದ ಭೂಮಿಯೂ ವೃತ್ತಿ. ನಮ್ಮ ಶಾಸನಗಳಲ್ಲಿ ಅಗ್ರಹಾರವನ್ನು ಇಷ್ಟು ವೃತ್ತಿಗಳಾಗಿ ವಿಂಗಡಿಸಿ ಇಂಥಿಂಥವರಿಗೆ ಕೊಟ್ಟರೆಂಬ ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಆ ಮಾತಿಗೆ ನೆಲದ ಪಾಲು ಎಂದೇ ಅರ್ಥ. ಸೂತ್ರವನ್ನು ಬಿಡಿಸಿ ಹೇಳುವ ವಿವರಣೆಯೂ ವೃತ್ತಿಯೇ: ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಂದಪದ್ಯದಲ್ಲಿ ಸೂತ್ರವನ್ನು ಹೇಳಿ ಗದ್ಯದಲ್ಲಿ ಅದರ ವೃತ್ತಿಯನ್ನು ಬರೆದನು. ಕೌಟಿಲ್ಯನು ರಾಜನು ಕಲಿಯಬೇಕಾದ ವಿದ್ಯೆಗಳನ್ನು ನಾಲ್ಕೆಂದು ಎಣಿಸುವಾಗ, ಕೃಷಿ ಪಶುಪಾಲನೆ ವಾಣಿಜ್ಯಗಳನ್ನು ಕೂಡಿಸಿ ಅದಕ್ಕೆ ವಾರ್ತೆಯೆಂದು ಹೆಸರಿಟ್ಟನು. ಇಂದು ಆಕಾಶವಾಣಿಯಲ್ಲಿ ವಾರ್ತೆಯನ್ನು ಕೇಳುವ ನಾವು ಆ ಹೆಸರಿನಲ್ಲಿ ಒಂದು ಕಾಲಕ್ಕೆ ಉಳುವವನೂ ದನ ಕಾಯುವವನೂ ಇದ್ದರೆಂದು ನೆನೆಯುವುದಿಲ್ಲ. ವರ್ತಕನೊಬ್ಬ ಮಾತ್ರ ತನ್ನ ಹೆಸರಿನಲ್ಲಿ ಹಳೆಯ ನಂಟನ್ನು ಉಳಿಸಿಕೊಂಡಿದ್ದಾನೆ.

ಆದರೆ ಈ ಇಡೀ ಕುಲದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಶಾಸ್ತ್ರದ ಮಾತಲ್ಲ, ಮನೆಯ ಮಾತು. ಹಳೆಯ ಮೈಸೂರಿನ ಸೀಮೆಯ ಮನೆಗಳಲ್ಲಿ ವರ್ತನೆಯ ಹಾಲು, ವರ್ತನೆಯ ಹೂವು ಎಂಬ ಮಾತುಗಳಿದ್ದುವು. ದಿನವೂ ತಪ್ಪದೆ ಬಾಗಿಲಿಗೆ ತಂದುಕೊಟ್ಟು ತಿಂಗಳ ಕಡೆಯಲ್ಲಿ ಲೆಕ್ಕ ಮಾಡಿಕೊಳ್ಳುವ ಏರ್ಪಾಟಿಗೆ ವರ್ತನೆಯೆಂದು ಹೆಸರು. ನಮ್ಮ ಮನೆಗೆ ವರ್ತನೆಯ ಹೂವನ್ನು ತರುತ್ತಿದ್ದ ಮುದುಕಿಯೊಬ್ಬಳು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬಂದು, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಜಗಲಿಯ ಮೇಲಿಳಿಸಿ, ಮೊಳಕೈಯಿಂದ ನಡುಬೆರಳಿನ ತನಕ ಎರಡು ಮೊಳ ಅಳೆದು, ಬಾಳೆಯ ಎಲೆಯಲ್ಲಿ ಸುತ್ತಿ, "ಅಮ್ಮಾವ್ರೇ, ವರ್ತನೆ ಹೂವು" ಎಂದು ಒಂದೇ ಕೂಗು ಕೂಗುತ್ತಿದ್ದಳು. ಒಂದು ಸಂಜೆ ಅವಳು ಬರಲಿಲ್ಲ. ಅಮ್ಮ ದೀಪ ಹಚ್ಚಿ, ಹೂವಿಲ್ಲದ ದೇವರ ಪಟದ ಮುಂದೆ ಸ್ವಲ್ಪ ಹೊತ್ತು ನಿಂತು, "ವರ್ತನೆ ತಪ್ಪಿಸೋಳಲ್ಲ, ಏನಾಯ್ತೋ ಪಾಪ" ಎಂದುಕೊಂಡು, ನನ್ನನ್ನು ಅವಳ ಗುಡಿಸಲಿಗೆ ಕಳಿಸಿದಳು. ಅವಳಿಗೆ ಜ್ವರ ಬಂದಿತ್ತು. ವರ್ತನೆಯೆಂಬ ಶಬ್ದದಲ್ಲಿ ವ್ಯಾಪಾರವೂ ನಡತೆಯೂ ಹೇಗೆ ಒಂದೇ ಆಗಿ ಕೂಡಿವೆಯೆಂಬುದು ಅಮ್ಮನ ಆ ಒಂದು ಮಾತಿನಲ್ಲಿತ್ತು. ಇಂದಿನ ಮನಶ್ಶಾಸ್ತ್ರದ ಪುಸ್ತಕಗಳು ಪ್ರಾಣಿಗಳ ವರ್ತನೆ, ಮಕ್ಕಳ ವರ್ತನೆ ಎಂದು ಬರೆಯುವಾಗ ಆ ಶಬ್ದ ಎಷ್ಟು ಬಡವಾಯಿತೆಂದು ನನಗೆ ವ್ಯಥೆಯಾಗುತ್ತದೆ.

ನಡೆದುದರಿಂದ ಸುದ್ದಿಗೆ ಹೋಗುವ ದಾರಿ ಹತ್ತಿರದ್ದು. ನಡೆದುದು ವೃತ್ತ, ಅದು ಕೊನೆಗೆ ಏನಾಯಿತೆಂಬುದು ವೃತ್ತಾಂತ. ಕನ್ನಡದಲ್ಲಿ ಮುದ್ರಿತ ಪತ್ರಿಕೆಗಳು ಹುಟ್ಟಿದಾಗ ಈ ಹೆಸರೇ ಮುಂದೆ ಬಂದಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಮೊದಲ ಪತ್ರಿಕೆಗೆ ಮಂಗಳೂರು ಸಮಾಚಾರವೆಂದು ಹೆಸರಾದರೆ, ಆಮೇಲೆ ಮೈಸೂರಿನಲ್ಲಿ ವೃತ್ತಾಂತಬೋಧಿನಿ, ವೃತ್ತಾಂತಚಿಂತಾಮಣಿ, ವೃತ್ತಾಂತಪತ್ರಿಕೆಗಳು ಬಂದುವು. ಕಡೆಗೆ ವೃತ್ತಪತ್ರಿಕೆಯೆಂಬುದೇ ಈ ಬಗೆಯ ಬರಹಕ್ಕೆಲ್ಲ ಸಾಮಾನ್ಯ ನಾಮವಾಯಿತು, ಡಿ.ವಿ. ಗುಂಡಪ್ಪನವರು ಆ ಕಸುಬನ್ನು ಕುರಿತು ಬರೆದ ಪುಸ್ತಕಕ್ಕೂ ಅದೇ ಹೆಸರನ್ನಿಟ್ಟರು. ಇಲ್ಲಿ ಗಮನಿಸಬೇಕಾದ ಸಾಮ್ಯವೊಂದಿದೆ. ಸಮಾಚಾರವೆಂಬ ಶಬ್ದದಲ್ಲಿ ಆಚಾರವಿದೆ; ಅದಕ್ಕೂ ಮೊದಲು ನಡವಳಿಕೆಯೆಂದೂ ಆಮೇಲೆ ಸುದ್ದಿಯೆಂದೂ ಅರ್ಥ. ವರ್ತಮಾನವೆಂದರೆ ಈಗ ನಡೆಯುತ್ತಿರುವುದು; "ಏನಪ್ಪಾ ಊರ ಕಡೆ ವರ್ತಮಾನ?" ಎಂದಾಗ ಅದೇ ಸುದ್ದಿಯಾಗುತ್ತದೆ. ಒಂದು ಶಬ್ದ ಹೀಗೆ ಹೊರಳಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಮೂರು ಶಬ್ದಗಳು ಒಂದೇ ದಾರಿಯಲ್ಲಿ ಹೊರಳಿವೆಯೆಂದಮೇಲೆ, ಜನರು ಹೇಗೆ ನಡೆದುಕೊಂಡರೆಂಬುದನ್ನು ತಿಳಿಯುವುದೇ ಸುದ್ದಿಯೆಂದು ಈ ನಾಡಿನವರು ಭಾವಿಸಿದ್ದರೆಂದು ಹೇಳದೆ ವಿಧಿಯಿಲ್ಲ. ಪತ್ರಿಕೆಯವನು ತನ್ನ ಕೆಲಸದ ಹೆಸರಿನಲ್ಲಿಯೇ ಚಾರಿತ್ರ್ಯದ ಹೆಸರನ್ನು ಹೊತ್ತಿದ್ದಾನೆ.

ಇನ್ನು ಆ ಹುಡುಗನ ಪ್ರಶ್ನೆ. ಪದ್ಯ ಎಲ್ಲಿ ಗುಂಡಗಿದೆ? ಅಕ್ಷರಗಳ ಸಂಖ್ಯೆಯಿಂದಲೂ ಗುರುಲಘುಗಳ ನಿಯತವಾದ ಕ್ರಮದಿಂದಲೂ ಆದ ಪದ್ಯವು ವೃತ್ತ, ಮಾತ್ರೆಗಳ ಎಣಿಕೆಯಿಂದ ಆದುದು ಜಾತಿ ಎಂದು ಛಂದಶ್ಶಾಸ್ತ್ರ ಹೇಳುತ್ತದೆ. ಉತ್ಪಲಮಾಲೆಯ ಪಾದಕ್ಕೆ ಇಪ್ಪತ್ತು ಅಕ್ಷರ. ಒಂದು ಪಾದ ಮುಗಿದೊಡನೆ ಅದೇ ಇಪ್ಪತ್ತು, ಅದೇ ಗುರುಲಘುಗಳ ಏರಿಳಿತದಲ್ಲಿ, ಮತ್ತೆ ಮೊದಲಾಗುತ್ತವೆ; ಹೀಗೆ ನಾಲ್ಕು ಸಲ ಧ್ವನಿಯು ಹೊರಟಲ್ಲಿಗೆ ಬಂದು ಹೊರಡುತ್ತದೆ. ಕಣ್ಣಿಗೆ ಅದು ಕರಿಹಲಗೆಯ ಮೇಲಿನ ಉದ್ದ ಗೆರೆ. ಕಿವಿಗೆ ಅದು ಸುತ್ತು. ಪಂಡಿತರು ಆ ದಿನ ಗುರುತುಗಳನ್ನು ಬರೆಯುವುದಕ್ಕೆ ಮುಂಚೆ ಪದ್ಯವನ್ನು ಗಟ್ಟಿಯಾಗಿ ಓದಿದ್ದರೆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲವೇನೋ. ಬರೆದ ಪದ್ಯವನ್ನು ನೋಡುವ ನಾವು ಅದನ್ನು ಸಾಲುಗಳೆಂದು ಎಣಿಸುತ್ತೇವೆ. ಆ ಸಾಲು ಎಂಬ ಮಾತು ಕೂಡ ನೇಗಿಲಿನದು; ಹೊಲದ ಕೊನೆಯನ್ನು ಮುಟ್ಟಿ, ಎತ್ತನ್ನು ತಿರುಗಿಸಿ, ಮತ್ತೆ ಹೊಡೆದ ಗೆರೆಗೆ ಸಾಲೆಂದು ಹೆಸರು. ವೃತ್ ಧಾತುವಿನ ದೂರದ ಸೋದರವಾದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ವೆರ್ಸುಸ್ ಎಂಬ ಶಬ್ದಕ್ಕೆ ನೇಗಿಲಿನ ತಿರುವು, ಸಾಲು, ಪದ್ಯದ ಪಂಕ್ತಿ ಎಂಬ ಅರ್ಥಗಳಿದ್ದು, ಇಂಗ್ಲಿಷರು ಪದ್ಯಕ್ಕೆ ಹೇಳುವ ವರ್ಸ್ ಎಂಬ ಹೆಸರು ಅದರಿಂದಲೇ ಬಂದಿದೆ. ರೋಮಿನ ರೈತನೂ ನಮ್ಮ ಲಾಕ್ಷಣಿಕನೂ ಒಬ್ಬರನ್ನೊಬ್ಬರು ಕಾಣದೆಯೇ ಪದ್ಯಕ್ಕೆ ತಿರುಗುವುದೆಂದು ಹೆಸರಿಟ್ಟರೆಂಬುದು ಸಾಮಾನ್ಯ ಸಂಗತಿಯಲ್ಲ.

ಕನ್ನಡ ಕವಿಗಳು ಈ ವೃತ್ತಗಳನ್ನು ಸಂಸ್ಕೃತದಿಂದ ತಂದು ಹಾಗೆಯೇ ಇಟ್ಟುಕೊಳ್ಳಲಿಲ್ಲ. ನೂರಾರು ವೃತ್ತಗಳಲ್ಲಿ ಆರನ್ನು ಮಾತ್ರ ಬಹುವಾಗಿ ಪ್ರೀತಿಸಿ ಅವುಗಳಿಗೆ ಖ್ಯಾತಕರ್ಣಾಟಕಗಳೆಂಬ ಹೆಸರಾಗುವಂತೆ ಮಾಡಿದರು: ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತ, ಸ್ರಗ್ಧರೆ, ಮಹಾಸ್ರಗ್ಧರೆ. ಇವು ಆರಾದರೂ ನಿಜವಾಗಿ ಮೂರು ಜೋಡಿಗಳು. ಉತ್ಪಲಮಾಲೆಯ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ ಇಪ್ಪತ್ತೊಂದು ಅಕ್ಷರದ ಚಂಪಕಮಾಲೆ. ಹತ್ತೊಂಬತ್ತು ಅಕ್ಷರದ ಶಾರ್ದೂಲವಿಕ್ರೀಡಿತದ ಮೊದಲ ಗುರುವನ್ನು ಹಾಗೆಯೇ ಒಡೆದರೆ ಇಪ್ಪತ್ತು ಅಕ್ಷರದ ಮತ್ತೇಭವಿಕ್ರೀಡಿತ. ಇಪ್ಪತ್ತೊಂದರ ಸ್ರಗ್ಧರೆಯಿಂದ ಇಪ್ಪತ್ತೆರಡರ ಮಹಾಸ್ರಗ್ಧರೆ. ಉಳಿದ ಇಡೀ ಪಾದ ಒಂದಿಷ್ಟೂ ಬದಲಾಗುವುದಿಲ್ಲ. ಒಂದೇ ಚಕ್ರವನ್ನು ಒಮ್ಮೆ ಭಾರವಾದ ಒಂದು ತಳ್ಳಿನಿಂದ, ಒಮ್ಮೆ ಹಗುರವಾದ ಎರಡು ತಳ್ಳುಗಳಿಂದ ಉರುಳಿಸಿದಂತೆ ಇದು. 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನ ಚಂಪಕಮಾಲೆಗಳನ್ನು ಎರಡು ದಿನ ಬಿಡದೆ ಓದಿದವನಿಗೆ, ಮೂರನೆಯ ದಿನ ಮಾತಿಲ್ಲದೆಯೇ ಆ ತಿರುಗಣಿ ಕಿವಿಯಲ್ಲಿ ನಡೆಯುತ್ತಿರುತ್ತದೆ. ಇದು ನನ್ನ ಅನುಭವ. ಮುಂದೆ ರಗಳೆ ಷಟ್ಪದಿಗಳು ಬಂದು ವೃತ್ತಗಳನ್ನು ಹಿಂದಕ್ಕೆ ಸರಿಸಿದುವು. ಅವು ಕನ್ನಡದ ಉಸಿರಿಗೆ ಹೆಚ್ಚು ಒಗ್ಗುವ ಓಟಗಳು, ಅದಕ್ಕೆ ಕೊರಗಬೇಕಾದುದಿಲ್ಲ.

ಗಣಿತಶಾಸ್ತ್ರದಲ್ಲಿ ಮಾತ್ರ ವೃತ್ತವೆಂದರೆ ಕೇವಲ ಆಕೃತಿಯಲ್ಲವೆ ಎಂದು ಕೇಳಬಹುದು. ಅಲ್ಲಿಯೂ ಅಲ್ಲ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. ಅಮೋಘವರ್ಷ ನೃಪತುಂಗನನ್ನು ಹೊಗಳಿ ಗಣಿತಸಾರಸಂಗ್ರಹವನ್ನು ಆರಂಭಿಸುವ ಮಹಾವೀರಾಚಾರ್ಯನು, ಕವಿರಾಜಮಾರ್ಗ ಹುಟ್ಟಿದ ಅದೇ ಒಂಬತ್ತನೆಯ ಶತಮಾನದಲ್ಲಿ, ಎಂಟು ಬಗೆಯ ವೃತ್ತಗಳನ್ನು ಹೇಳುತ್ತಾನೆ. ಸಮವೃತ್ತ ಅವುಗಳಲ್ಲಿ ಒಂದು ಮಾತ್ರ. ಅರ್ಧವೃತ್ತವಿದೆ, ಉದ್ದಕ್ಕೆ ಎಳೆದಂತಿರುವ ಆಯತವೃತ್ತವಿದೆ, ಶಂಖದ ಆಕಾರದ ಕಂಬುಕಾವೃತ್ತವಿದೆ, ತಗ್ಗಿದ ನಿಮ್ನವೃತ್ತ, ಉಬ್ಬಿದ ಉನ್ನತವೃತ್ತಗಳಿವೆ, ಬಳೆಯಂತೆ ಹೊರಗಿನಿಂದಲೂ ಒಳಗಿನಿಂದಲೂ ಸುತ್ತುವ ಎರಡು ಚಕ್ರವಾಲವೃತ್ತಗಳಿವೆ. ಕೇಂದ್ರದಿಂದ ಎಲ್ಲೆಡೆಯೂ ಸಮದೂರದಲ್ಲಿರುವುದೇ ವೃತ್ತವೆಂದು ಆತನು ತಿಳಿದಿದ್ದರೆ ಶಂಖವನ್ನು ವೃತ್ತವೆನ್ನುತ್ತಿರಲಿಲ್ಲ. ಬಾಗಿ ತಿರುಗುವುದೆಲ್ಲ ಆತನಿಗೆ ವೃತ್ತ. ಇಂದಿಗೂ ಜ್ಯೋತಿಶ್ಶಾಸ್ತ್ರದಲ್ಲಿ ಸೂರ್ಯನ ವಾರ್ಷಿಕ ಪಥಕ್ಕೆ ಕ್ರಾಂತಿವೃತ್ತವೆಂದೇ ಹೆಸರು. ಆಕಾಶದಲ್ಲಿ ಯಾರೂ ಎಳೆಯದ, ನಡಗೆಯಿಂದ ಮಾತ್ರ ಇರುವ ಸುತ್ತು ಅದು. 499ರಲ್ಲಿ ಆರ್ಯಭಟನು ಇಪ್ಪತ್ತು ಸಾವಿರ ವ್ಯಾಸವುಳ್ಳ ವೃತ್ತಕ್ಕೆ 62,832 ಪರಿಧಿಯೆಂದು ಲೆಕ್ಕ ಹೇಳಿ, ಅದಕ್ಕೆ ಆಸನ್ನ, ಎಂದರೆ ಸಮೀಪದ ಬೆಲೆ, ಎಂಬ ವಿಶೇಷಣವನ್ನು ಸೇರಿಸಿದನು. ಅಂಕಿಗಿಂತ ಆ ವಿಶೇಷಣ ನನಗೆ ದೊಡ್ಡದಾಗಿ ಕಾಣುತ್ತದೆ. ನೇರವಾದ ಅಳತೆಗೋಲಿಗೆ ತಿರುಗುವುದು ಪೂರ್ತಿಯಾಗಿ ಸಿಕ್ಕುವುದಿಲ್ಲವೆಂಬ ಅರಿವು ಅದರಲ್ಲಿದೆ.

ಇಷ್ಟೆಲ್ಲ ಸಂಸ್ಕೃತದ ಮಾತನ್ನು ಹೊಗಳಿದಮೇಲೆ, ಕನ್ನಡಕ್ಕೆ ತನ್ನದೇ ಆದ ದುಂಡುಮಾತುಗಳಿಲ್ಲವೆ ಎಂದು ಯಾರಾದರೂ ನೊಂದುಕೊಂಡರೆ ಅದು ನ್ಯಾಯವೇ. ಇವೆ, ಮತ್ತು ಅವುಗಳ ಸ್ವಭಾವವೇ ಬೇರೆ. ದುಂಡು, ಗುಂಡು, ಉಂಡೆ, ಕರಾವಳಿಯವರ ಉರುಟು: ಇವೆಲ್ಲ ಕೈಗೆ ಸಿಕ್ಕುವ ದುಂಡುತನದ ಹೆಸರುಗಳು. ಬಿಸಿಮುದ್ದೆಯನ್ನು ಒದ್ದೆಗೈಯಲ್ಲಿ ಹೊರಳಿಸುವವಳಿಗೆ ಅದು ದುಂಡಗಾದುದು ಅಂಗೈಗೆ ತಿಳಿಯುತ್ತದೆ, ಕಣ್ಣಿಗಲ್ಲ. ದುಂಡುಮಲ್ಲಿಗೆಯಲ್ಲಿ ಮೊಗ್ಗಿನ ತುಂಬುತನವಿದೆ. ರುಬ್ಬುವ ಗುಂಡಿನಲ್ಲಿ ತೂಕವಿದೆ. ಗುಂಡುಸೂಜಿಯಲ್ಲಿ ಬೆರಳಿಗೆ ತಗಲುವ ತಲೆಯಿದೆ. ಬಂದೂಕಿನಲ್ಲಿ ಸೀಸದ ಉಂಡೆಯನ್ನು ಹಾಕುತ್ತಿದ್ದ ಕಾಲ ಹೋಗಿ, ಮೊನಚಾದ ಕೊಳವೆ ಬಂದರೂ ಅದು ಗುಂಡಾಗಿಯೇ ಉಳಿದಿದೆ; ಕೈ ಒಮ್ಮೆ ಇಟ್ಟ ಹೆಸರನ್ನು ಕಣ್ಣು ತಿದ್ದಲಾರದು. ಮಗ್ಗಿ ಬರೆಯುವ ಮಗುವಿಗೆ "ಅಕ್ಷರ ದುಂಡಗೆ ಬರಿ" ಎನ್ನುವಾಗ ನಾವು ಕೈವಾರದ ದುಂಡನ್ನು ಬಯಸುವುದಿಲ್ಲ, ಮೈದುಂಬಿದ ಚೆಲುವನ್ನು ಬಯಸುತ್ತೇವೆ. 1930ರಿಂದ 1932ರ ತನಕ ಲಂಡನ್ನಿನಲ್ಲಿ ಸೇರಿದ ಸಭೆಗಳನ್ನು ಕನ್ನಡಿಗರು ದುಂಡುಮೇಜಿನ ಪರಿಷತ್ತೆಂದು ಕರೆದರು. ವೃತ್ತಮೇಜೆನ್ನಲು ಯಾರಿಗೂ ನಾಲಗೆ ತಿರುಗಲಿಲ್ಲ, ಏಕೆಂದರೆ ಮೇಜು ಮುಟ್ಟುವ ವಸ್ತು. ದುಂಡು ಇರುವುದನ್ನು ಹೇಳುತ್ತದೆ, ವೃತ್ತ ಆದುದನ್ನು ಹೇಳುತ್ತದೆ. ಚಲನೆಯನ್ನು ಹೇಳಬೇಕಾದಾಗ ಕನ್ನಡವು ಸುತ್ತು, ತಿರುಗು, ಬಳಸು ಎಂಬ ಕ್ರಿಯೆಗಳನ್ನೇ ಕರೆಯುತ್ತದೆ. ಬಳಸು ಎಂಬುದರಲ್ಲಂತೂ ಸುತ್ತಿಕೊಂಡು ಹೋಗುವುದೂ ಉಪಯೋಗಿಸುವುದೂ ಇಂದಿನ ಕಿವಿಗೆ ಒಂದೇ ದನಿಯಲ್ಲಿ ಕೇಳಿಸುತ್ತವೆ. ಹೀಗೆ ಎರಡು ಮೂಲದ ಮಾತುಗಳು ಒಂದನ್ನೊಂದು ತಳ್ಳದೆ ಕೆಲಸವನ್ನು ಹಂಚಿಕೊಂಡಿವೆ.

ಈ ಹಂಚಿಕೆ ಕೆಡುತ್ತಿರುವುದು ನಮ್ಮ ಕಛೇರಿಗಳ ಭಾಷೆಯಲ್ಲಿ. ಇಂಗ್ಲಿಷಿನ ಸರ್ಕಲ್ ಎಲ್ಲಿ ಕಂಡರೂ ಅಲ್ಲಿ ವೃತ್ತವನ್ನು ಕೂಡಿಸುವುದು ಭಾಷಾಂತರಕಾರರಿಗೆ ಅಭ್ಯಾಸವಾಗಿ, ಸರ್ಕಲ್ ಇನ್‌ಸ್ಪೆಕ್ಟರು ವೃತ್ತನಿರೀಕ್ಷಕರಾದರು. ಜನರು ಆ ಹೆಸರನ್ನು ಬಾಯಲ್ಲಿ ಇಟ್ಟುಕೊಳ್ಳಲಿಲ್ಲ. ಅದಕ್ಕೆ ಕಾರಣ ಜನರ ಅಸಡ್ಡೆಯಲ್ಲ. ಒಂದು ಸರಹದ್ದಿಗೆ ವೃತ್ತವೆಂದು ಹೆಸರಿಟ್ಟಾಗ ಅಲ್ಲಿ ದುಂಡೂ ಇಲ್ಲ, ತಿರುಗುವುದೂ ಕಾಣುವುದಿಲ್ಲ, ಮಾತು ಹಿಡಿದುಕೊಳ್ಳುವುದಕ್ಕೆ ಕೊಕ್ಕೆಯೇ ಇಲ್ಲ. ಹೋಬಳಿ, ಸೀಮೆ, ಸರಹದ್ದುಗಳು ನಮ್ಮಲ್ಲಿ ಮೊದಲೇ ಇದ್ದುವು. ಬೀದಿಗಳ ವೃತ್ತಗಳ ಕಥೆ ಬೇರೆ. ಮೈಸೂರಿನ ಕೃಷ್ಣರಾಜವೃತ್ತದಲ್ಲಿ ನಿಂತವನಿಗೆ, ನಡುವೆ ಪ್ರತಿಮೆಯನ್ನಿಟ್ಟುಕೊಂಡು ಬಂಡಿಗಳೆಲ್ಲ ಅದನ್ನು ಬಳಸಿ ಹೋಗುವುದು ಕಾಣುವಾಗ, ಆ ಹೆಸರು ತಾನಾಗಿಯೇ ಒಪ್ಪುತ್ತದೆ. ಬೇರೆ ಎಷ್ಟೋ ಕಡೆ ನಡುವಿನ ದಿಬ್ಬವನ್ನು ತೆಗೆದು ದೀಪದ ಕಂಬಗಳನ್ನು ನೆಟ್ಟಮೇಲೂ ವೃತ್ತವೆಂಬ ಹೆಸರು ಉಳಿದಿದೆ. ನಾಲ್ಕು ದಾರಿ ಕೂಡುವ ಅಂಥದೇ ಸ್ಥಳಕ್ಕೆ ಇನ್ನೊಂದು ಊರಿನಲ್ಲಿ ಚೌಕವೆನ್ನುತ್ತಾರೆ. ಒಂದೇ ಬಗೆಯ ನೆಲಕ್ಕೆ ವೃತ್ತವೆಂದೂ ಚೌಕವೆಂದೂ ಹೆಸರಾಗಿರುವುದರಲ್ಲಿ ವಿರೋಧವಿಲ್ಲ. ಚೌಕವು ನಿಲ್ಲುವವನ ಹೆಸರು, ವೃತ್ತವು ಹೋಗುವವನ ಹೆಸರು.

ಶಾಸ್ತ್ರಪರಿಭಾಷೆಯನ್ನು ಕಟ್ಟುವವರು ಒಂದು ಮಾತಿಗೆ ಒಂದೇ ಅರ್ಥವಿರಬೇಕೆಂದು ಬಯಸುತ್ತಾರೆ. ರೇಖಾಗಣಿತದ ಪುಸ್ತಕದೊಳಗೆ ಆ ಬಯಕೆ ನ್ಯಾಯವಾದದ್ದು; ಪ್ರಮೇಯವನ್ನು ಸಾಧಿಸುವ ಹುಡುಗನಿಗೆ ಅಲ್ಲಿ ಧರ್ಮರಾಯನ ನೆನಪು ಬರಬೇಕಾದುದಿಲ್ಲ. ಆದರೆ ಆ ಪುಸ್ತಕದ ಹೊರಗೆ, ಪದ್ಯದ ವೃತ್ತಕ್ಕೆ ಛಂದಸ್ಸೆಂದೂ, ನಡತೆಗೆ ವರ್ತನೆಯೆಂದೂ, ಪತ್ರಿಕೆಗೆ ಸುದ್ದಿಹಾಳೆಯೆಂದೂ ಒಂದೊಂದಾಗಿ ಬೇರೆ ಬೇರೆ ಹೆಸರುಗಳನ್ನು ನಿಗದಿಪಡಿಸಿ, ವೃತ್ತವನ್ನು ಕೈವಾರದ ಗೆರೆಯೊಳಗೆ ಕಟ್ಟಿಹಾಕುವ ಸಲಹೆಗಳು ಬಂದಾಗ ನಾನು ಅವನ್ನು ಒಪ್ಪಲಾರೆ. ಅನೇಕಾರ್ಥವು ಈ ಶಬ್ದದ ದೋಷವಲ್ಲ. ಅದರ ಒಂದೊಂದು ಅರ್ಥವೂ ಇನ್ನೊಂದನ್ನು ಎಚ್ಚರವಾಗಿಡುತ್ತದೆ: ಪದ್ಯವನ್ನು ಬಲ್ಲವನಿಗೆ ಗಣಿತದ ವೃತ್ತದಲ್ಲಿ ನಡಗೆ ಕೇಳಿಸುತ್ತದೆ, ಗಣಿತವನ್ನು ಬಲ್ಲವನಿಗೆ ಸದ್ವೃತ್ತನ ಬಾಳಿನಲ್ಲಿ ಕೇಂದ್ರವೊಂದು ಕಾಣಿಸುತ್ತದೆ. ಕೊಂಡಿಗಳನ್ನು ಕಡಿದರೆ ಉಳಿಯುವುದು ಗುರುತಿನ ಚೀಟಿ ಮಾತ್ರ, ಮಾತಲ್ಲ.

ಬಹಳ ಕಾಲದ ಮೇಲೆ ನಾನೇ ಕನ್ನಡ ಪಾಠ ಹೇಳಬೇಕಾದ ಸಂದರ್ಭ ಬಂದಾಗ, ಉತ್ಪಲಮಾಲೆಯ ದಿನ ಗುರುತುಗಳನ್ನು ಹಾಕದೆ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಇಪ್ಪತ್ತು ಮಂದಿಯನ್ನು ಕೈಹಿಡಿದು ಸುತ್ತಲೂ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದೊಂದು ಅಕ್ಷರದಂತೆ, ಗುರುವಾದವರು ನೀಳವಾಗಿ, ಲಘುವಾದವರು ಚುಟುಕಾಗಿ ಹೇಳುವಂತೆ ಕಲಿಸಿದೆನು. ಮೊದಲ ಸುತ್ತು ತಡವರಿಸಿತು. ಎರಡನೆಯದು ನಡುವೆ ಎರಡು ಕಡೆ ಕಡಿದುಹೋಯಿತು. ಮೂರನೆಯ ಸುತ್ತಿನಲ್ಲಿ ಇಪ್ಪತ್ತನೆಯವಳಾದ ಒಬ್ಬ ಪುಟ್ಟ ಹುಡುಗಿ ತನ್ನ ಗುರುವನ್ನು ಹೇಳಿ ಮುಗಿಸಿದೊಡನೆ, ನಾನು ಏನೂ ಹೇಳದಿದ್ದರೂ, ಅವಳ ಪಕ್ಕದಲ್ಲಿದ್ದ ಮೊದಲನೆಯ ಹುಡುಗ ತಾನಾಗಿಯೇ ಮತ್ತೆ ಆರಂಭಿಸಿದ.